ವಾಸನೆ ನೋಡಿ ಕೀ ತಿರುಗಿಸು

ಮೊದಲ ದಿನ ಶೆಡ್ಡಿಗೆ ಬಂದ ಬಾಳೇಶ ದೋಣಿಯ ಸುತ್ತ ನಡೆಯುತ್ತ ಹಲಗೆ ಹಲಗೆಯನ್ನೂ ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಯಿಟ್ಟು ಕೇಳಿದ, ಸಂತೆಯಲ್ಲಿ ತೆಂಗಿನಕಾಯಿ ಆರಿಸುವವರ ಹಾಗೆ.

"ಗಟ್ಟಿ ಐತ್ರಿ," ಅಂದ ಕೊನೆಗೆ. "ಮರ ಒಣಗೈತಿ. ಆದ್ರ ಸತ್ತಿಲ್ಲ."

ಆ ಕೊನೆಯ ಮಾತು ಕೀರ್ತನಾಳ ಮನಸ್ಸಿನಲ್ಲಿ ಉಳಿಯಿತು. ಆ ಶೆಡ್ಡಿನಲ್ಲಿ ಯಾರೂ ಅಂಥ ಮಾತು ಆಡಿರಲಿಲ್ಲ.

ಬೆಂಗಳೂರಿನ ಶ್ರೀಗಂಧದ ಕಾವಲ್‌ನಲ್ಲಿ ದೋಣಿ ಇದ್ದ ಮನೆ ಅದೊಂದೇ. ಅವಳ ತಂದೆ ವೆಂಕಟಸ್ವಾಮಿ ಕಾವೇರಿಯ ಹಿನ್ನೀರಿನಲ್ಲಿ ಸರ್ಕಾರಿ ಲಾಂಚಿನ ಡ್ರೈವರ್ ಆಗಿದ್ದವರು. ಆ ಹಳೆಯ ಮರದ ಲಾಂಚು ಹರಾಜಿಗೆ ಬಂದಾಗ ತಾವೇ ಕೂಗಿ ಕೊಂಡರು. ಲಾರಿಯಲ್ಲಿ ತಂದು, ದನದ ಕೊಟ್ಟಿಗೆ ಖಾಲಿ ಮಾಡಿಸಿ, ಮೇಲೆ ತಗಡು ಹೊದಿಸಿ ನಿಲ್ಲಿಸಿದರು. ನಲ್ಲಿಯಲ್ಲೇ ನೀರು ಬಾರದ ಬಡಾವಣೆಗೆ ದೋಣಿ ತಂದ ಪುಣ್ಯಾತ್ಮ ಎಂದು ಬೀದಿಯೆಲ್ಲ ನಕ್ಕಿತು. ರಿಟೈರ್ ಆದ ಮೇಲೆ ಮತ್ತೆ ಹಿನ್ನೀರಿಗೆ ಇಳಿಸುತ್ತೇನೆ ಎನ್ನುತ್ತಿದ್ದರು. ರಿಟೈರ್ ಆದ ವರ್ಷವೇ ಎದೆನೋವು ಬಂತು.

ಈಗ 2007. ಬಸವೇಶ್ವರನಗರದ ಟೂವೀಲರ್ ಶೋರೂಮೊಂದರಲ್ಲಿ ಕೆಲಸ ಮಾಡುವ ಕೀರ್ತನಾ ಅಪ್ಪನ ಮಾತನ್ನು ತಾನು ನಡೆಸಲು ಹೊರಟಿದ್ದಳು. ಹಿನ್ನೀರಿನ ಮೀನುಗಾರರ ಸಂಘದವರು ಆಚೆ ದಡಕ್ಕೆ ಜನರನ್ನು ದಾಟಿಸಲು ದೋಣಿ ಬೇಕೆಂದಿದ್ದರು. ದೀಪಾವಳಿಯೊಳಗೆ ತಂದರೆ ಸರಿ, ಇಲ್ಲವಾದರೆ ಬೇರೆಯವರಿಗೆ ಹೇಳುತ್ತೇವೆ ಎಂದಿದ್ದರು. ಅಮ್ಮ ಮುನಿತಾಯಮ್ಮನ ಮಾತು ಇನ್ನೂ ನೇರ: "ಹಬ್ಬ ಮುಗಿಯೋ ಹೊತ್ತಿಗೆ ಅದು ಹೋಗ್ಬೇಕು. ನೀರಿಗಾದ್ರೂ ಹೋಗ್ಲಿ, ಸೌದೆಗಾದ್ರೂ ಹೋಗ್ಲಿ." ಗಂಡ ತೀರಿಕೊಂಡ ಮೇಲೆ ಅವರು ಶೆಡ್ಡಿನೊಳಕ್ಕೆ ಕಾಲಿಟ್ಟಿರಲಿಲ್ಲ.

ಬಾಳೇಶ ಮಾಗಡಿ ರಸ್ತೆಯ ಗ್ಯಾರೇಜಿನಲ್ಲಿ ಟೆಂಪೋಗಳ ಎಂಜಿನ್ ಬಿಚ್ಚುವವನು. ಊರು ಜಮಖಂಡಿ ಕಡೆಯ ಕೃಷ್ಣಾ ದಡ. ಅಲ್ಲಿ ದಾಟುವ ದೋಣಿಗಳಿಗೆ ಪಂಪ್‌ಸೆಟ್ಟಿನ ಡೀಸೆಲ್ ಎಂಜಿನ್ ಕೂರಿಸಿ ಓಡಿಸುತ್ತಿದ್ದರು. ಅವನ್ನು ರಿಪೇರಿ ಮಾಡುತ್ತಲೇ ದೊಡ್ಡವನಾಗಿದ್ದ.

"ಇದರದು ಪೆಟ್ರೋಲ್ ಎಂಜಿನ್," ಎಂದಳು ಕೀರ್ತನಾ. "ಅದೇ ಇರ್ಬೇಕು."

"ಬ್ಯಾಡ್ರಿ ಮೇಡಂ. ಡೀಸೆಲ್ ಹಾಕೂಣು."

"ಯಾಕೆ? ಪೆಟ್ರೋಲ್ ಹಗುರ, ಸದ್ದು ಕಮ್ಮಿ, ಒಂದೇ ಸಲಕ್ಕೆ ಸ್ಟಾರ್ಟ್. ನಮ್ಮ ಶೋರೂಮಲ್ಲಿ ದಿನಾ ಇದನ್ನೇ ಹೇಳಿ ಗಾಡಿ ಮಾರ್ತೀವಿ."

"ಗಾಡಿ ಬ್ಯಾರೆ, ದೋಣಿ ಬ್ಯಾರೆ. ರಸ್ತ್ಯಾಗ ಪೆಟ್ರೋಲ್ ಸೋರಿದ್ರ ಗಾಳಿಗೆ ಹಾರಿ ಹೊಕ್ಕೈತಿ. ದೋಣ್ಯಾಗ ಎಲ್ಲಿಗೆ ಹೋಗ್ಬೇಕು? ಅದರ ಆವಿ ಗಾಳಿಗಿಂತ ಭಾರ. ತಳಕ್ಕಿಳಿದು ಸುಮ್ನ ಕುಂದರ್ತೈತಿ. ಒಂದ್ ಕಿಡಿ ಬಿದ್ರ ದೋಣಿನೂ ಇಲ್ಲ, ಡ್ರೈವರ್ರೂ ಇಲ್ಲ. ಡೀಸೆಲ್ ಚೆಲ್ಲಿದ್ರ ಕಾಲು ಜಾರ್ತೈತಿ, ಅಷ್ಟ."

"ಡೀಸೆಲ್ ಹಾಕಿದ್ರೆ ಇಡೀ ದೋಣಿ ನಡುಗುತ್ತೆ. ಹಳೇ ಮರ ತಡೆಯುತ್ತಾ?"

ಅವನು ತಲೆಯೆತ್ತಿ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದ. "ಅದು ಖರೇ ಮಾತು. ಕೆಳಗ ಹೊಸಾ ತೊಲಿ ಹಾಕ್ಬೇಕು. ಎಂಜಿನ್ನೂ ಭಾರ. ತಿರುಗೋದು ನಿಧಾನ, ಅದಕ್ಕ ತಕ್ಕಂಗ ನೀರಾಗಿನ ಫ್ಯಾನೂ ಬದಲಿ ಮಾಡ್ಬೇಕು. ಆದ್ರ ಜನಾ ತುಂಬ್ಕೊಂಡು ಎದುರುಗಾಳಿಗೆ ಹೋಗಾಕ ಅದ ಬೇಕು. ಎಣ್ಣಿನೂ ಕಡಿಮಿ ಕುಡೀತೈತಿ."

"ನಮ್ಮಪ್ಪ ಜೀವಮಾನವೆಲ್ಲ ಪೆಟ್ರೋಲಲ್ಲೇ ಓಡಿಸಿದ್ರು. ಏನೂ ಆಗ್ಲಿಲ್ಲ. ಅವರದೊಂದು ರೂಲ್ ಇತ್ತು." ಅವಳು ದೋಣಿ ಹತ್ತಿ ಎಂಜಿನ್ ಮೇಲಿನ ಹಲಗೆ ಎತ್ತಿದಳು, ಜಡೆ ಹಿಂದಕ್ಕೆ ಎಸೆದು, ಆ ಕತ್ತಲೆಯೊಳಕ್ಕೆ ಮುಖವಿಟ್ಟು ಉಸಿರೆಳೆದು ತೋರಿಸಿದಳು. "ವಾಸನೆ ನೋಡಿ ಕೀ ತಿರುಗಿಸು. ವಾಸನೆ ಬಂದ್ರೆ ಮುಚ್ಚಳ ತೆಗೆದಿಟ್ಟು ಕೂತ್ಕೋ. ಅದು ಹೋಗೋವರೆಗೂ ಕೂತ್ಕೋ."

ಬಾಳೇಶ ಬೇರೆ ಕಡೆ ನೋಡಿದ. "ಛಲೋ ರೂಲ್," ಅಂದ. "ಮೂಗು ಇದ್ದಾವ್ರಿಗೆ."

ಅವಳು ಅದನ್ನು ತಮಾಷೆ ಎಂದುಕೊಂಡು ನಕ್ಕಳು.

ಕೊನೆಗೆ ಒಪ್ಪಂದವಾಯಿತು. ಹಳೆಯ ಎಂಜಿನ್ನನ್ನು ಒಮ್ಮೆ ಎಬ್ಬಿಸಿ ನೋಡುವುದು. ಸರಿಯಾಗಿ ನಡೆದರೆ ಪೆಟ್ರೋಲು, ತಕರಾರು ಮಾಡಿದರೆ ಡೀಸೆಲ್ಲು.

ಸಂಜೆ ಗ್ಯಾರೇಜು ಮುಚ್ಚಿದ ಮೇಲೆ, ಭಾನುವಾರ ಬೆಳಿಗ್ಗೆ ಅವನು ಬರತೊಡಗಿದ. ದೋಣಿಯ ತಳದಲ್ಲಿ ಒಂದಿಷ್ಟು ನೀರು ನಿಲ್ಲಿಸಿ ಒದ್ದೆ ಗೋಣಿಚೀಲ ಹಾಸಿದ. ಒಣಗಿ ಸಂದು ಬಿಟ್ಟ ಹಲಗೆಗಳು ನೀರು ಕುಡಿದು ಉಬ್ಬಿ ಒಂದಕ್ಕೊಂದು ಕೂಡಿಕೊಳ್ಳಲಿ ಎಂದು. ಅವಳು ಟಾರ್ಚ್ ಹಿಡಿಯುತ್ತಿದ್ದಳು. ಅವನು ಸ್ಪ್ಯಾನರ್ ಕೇಳುವ ಮುಂಚೆಯೇ ಯಾವುದೆಂದು ಅವಳಿಗೆ ಗೊತ್ತಾಗತೊಡಗಿತು. ಕೊಡುವಾಗ ಬೆರಳು ತಾಗಿದರೆ ಇಬ್ಬರೂ ಎಂಜಿನ್ನನ್ನೇ ನೋಡುತ್ತಿದ್ದರು.

"ಪೆಟ್ರೋಲು ಒಂದ್ ಮಾತಿಗೆ ಹೊತ್ಕೊಳ್ಳೋ ಸ್ವಭಾವ," ಅಂದ ಒಂದು ಸಂಜೆ, ಪ್ಲಗ್ ಒರೆಸುತ್ತ. "ಡೀಸೆಲ್‌ಗೆ ಕಿಡಿನ ಬ್ಯಾಡ. ಒಳಗಿನ ಗಾಳಿ ಒತ್ತಿ ಒತ್ತಿ ಕಾಸಬೇಕು. ಆಮ್ಯಾಲ ತಾನ ಹತ್ಕೋತೈತಿ."

"ನೀವ್ಯಾವುದು? ಪೆಟ್ರೋಲಾ, ಡೀಸೆಲ್ಲಾ?"

"ನನ್ನ ಇನ್ನಾ ಯಾರೂ ಒತ್ತಿ ನೋಡಿಲ್ರಿ."

ಟಾರ್ಚಿನ ಬೆಳಕು ಎಂಜಿನ್ ಬಿಟ್ಟು ತಗಡಿನ ಮೇಲೆ ಹೋಯಿತು. "ಬೆಳಕು ಇಲ್ಲಿ ಬೇಕ್ರಿ ಮೇಡಂ," ಅಂದ ಅವನು, ನಗು ಅದುಮಿಕೊಂಡು.

ಎಂಜಿನ್ ಎಬ್ಬಿಸಿದ್ದು ನವರಾತ್ರಿಗೆ ಮುಂಚಿನ ಒಂದು ಭಾನುವಾರ. ಎಂಜಿನ್ ತಂಪಾಗಿರಲು ಪಕ್ಕದಲ್ಲಿ ಡ್ರಮ್ಮಿನಲ್ಲಿ ನೀರಿಟ್ಟು ಪೈಪು ಸೇರಿಸಿದ್ದರು. ಅವಳು ಹಲಗೆ ಎತ್ತಿ ವಾಸನೆ ನೋಡಿ ಕೀ ತಿರುಗಿಸಿದಳು. ಎಂಜಿನ್ ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. ಬಾಲ್ಯದ ರಜೆಗಳಲ್ಲಿ ಅಪ್ಪನ ಲಾಂಚಿನಲ್ಲಿ ಕೇಳಿದ್ದ ಆ ಸದ್ದು ತಗಡಿನ ಕೆಳಗೆ ತುಂಬಿಕೊಂಡಿತು.

"ಸಾಕ್ರಿ, ಆಫ್ ಮಾಡ್ರಿ."

ಅವಳು ಕೀ ತಿರುಗಿಸಿ ಹೊರಗೆಳೆದಳು.

ಎಂಜಿನ್ ನಿಲ್ಲಲಿಲ್ಲ. ಗುಡ್... ಗುಡ್... ಗುಡ್... ಕೀ ಅವಳ ಅಂಗೈಯಲ್ಲಿತ್ತು. ಒಳಗೆ ಏನೋ ಒಂದು, ಹೋಗಲು ಮನಸ್ಸಿಲ್ಲದ ಹಾಗೆ, ಒಂದೊಂದೇ ಹೆಜ್ಜೆ ಇಡುತ್ತಿತ್ತು. ಕೊನೆಗೊಮ್ಮೆ ದೋಣಿಯನ್ನೆಲ್ಲ ಕುಲುಕಿ ಸುಮ್ಮನಾಯಿತು.

"ಹೆದರಬ್ಯಾಡ್ರಿ," ಬಾಳೇಶನ ದನಿಯೂ ಇಳಿದಿತ್ತು. "ಹಳೇ ಪೆಟ್ರೋಲ್ ಎಂಜಿನ್ನಿನಾಗ ಮಸಿ ಕಟ್ಟಿರ್ತೈತಿ. ಅದು ಕೆಂಡ ಆಗಿ, ಕಿಡಿ ಇಲ್ದನ ಪೆಟ್ರೋಲ್ ಹೊತ್ತಸ್ತೈತಿ. ಒಂದ್ ಗಳಿಗಿ ಪೆಟ್ರೋಲು ಡೀಸೆಲ್ ಆದಂಗ."

ಕಾರಣ ಸರಿಯಾಗಿಯೇ ಇತ್ತು. ಆದರೂ ಅವಳು ಆ ಕೀಯನ್ನು ಮನೆಯೊಳಗೆ ಒಯ್ಯಲಿಲ್ಲ. ಶೆಡ್ಡಿನ ಮೊಳೆಗೇ ತೂಗುಹಾಕಿ ಬಂದಳು.

ಮರುದಿನ ಸಂಜೆಯಿಂದ ವಾಸನೆ ಶುರುವಾಯಿತು.

ಪೆಟ್ರೋಲ್ ವಾಸನೆ. ಒಂದು ಬಗೆಯ ಹಳಸಿದ, ವಾರ್ನಿಷ್ ಬೆರೆತ ವಾಸನೆ. ಬೆಳಿಗ್ಗೆ ಇರುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಶೆಡ್ಡಿನ ಬಾಗಿಲು ತೆರೆದರೆ ಅಲ್ಲಿರುತ್ತಿತ್ತು, ಕಾದು ಕೂತವರ ಹಾಗೆ. ಬಾಳೇಶನಿಗೆ ಹೇಳಿದಳು. ಅವನು ಹಲಗೆ ಎತ್ತಿ ಬಗ್ಗಿ, ಬಹಳ ಹೊತ್ತು ಹಾಗೇ ಇದ್ದು ತಲೆಯೆತ್ತಿದ.

"ಏನೂ ಇಲ್ರಿ."

"ನಿಜವಾಗ್ಲೂ? ನಿಮಗೆ ಬರ್ತಾನೇ ಇಲ್ವಾ?"

"ಇಲ್ರಿ."

ಭಾನುವಾರ ಬೆಳಿಗ್ಗೆ ಅವನು ಪೈಪಿನ ಪ್ರತಿ ಕೀಲನ್ನೂ ಮುಟ್ಟಿ ಮುಟ್ಟಿ ನೋಡಿದ. ಎಲ್ಲ ಒಣಗಿತ್ತು. ಆ ಸಂಜೆ ಮತ್ತೆ ವಾಸನೆ ಬಂತು, ಮತ್ತೆ ಅವನಿಗೆ ಬರಲಿಲ್ಲ. ಒಂದೇ ಹಲಗೆಯ ಮೇಲೆ ಬಗ್ಗಿದ ಎರಡು ಮುಖ. ಒಂದಕ್ಕೆ ಮಾತ್ರ ತಲುಪುವ ವಾಸನೆ.

"ಅಮ್ಮಾ, ಶೆಡ್ಡಲ್ಲಿ ಸಾಯಂಕಾಲ ಪೆಟ್ರೋಲ್ ವಾಸನೆ ಬರುತ್ತೆ," ಎಂದಳು ಅಡುಗೆಮನೆಯಲ್ಲಿ.

ಮುನಿತಾಯಮ್ಮ ಮುದ್ದೆ ತೊಳಸುವುದನ್ನು ನಿಲ್ಲಿಸಿದರು. "ನಿಮ್ಮಪ್ಪ ರಜಕ್ಕೆ ಬರ್ತಿದ್ರಲ್ಲ, ಇದೇ ಹೊತ್ತು. ಮೊದ್ಲು ವಾಸನೆ ಬರೋದು, ಆಮೇಲೆ ಮನುಷ್ಯ ಬರೋನು. ಪೆಟ್ರೋಲು, ಅದರ ಜೊತೆಗೆ ಆ ದರಿದ್ರ ನಶ್ಯ. ಎಷ್ಟು ಒಗೆದ್ರೂ ಷರ್ಟಿಂದ ಹೋಗ್ತಿರ್ಲಿಲ್ಲ." ಸ್ವಲ್ಪ ತಡೆದು ಕೇಳಿದರು: "ನಶ್ಯದ ವಾಸನೇನೂ ಇದೆಯಾ?"

"ಇಲ್ಲ."

ಅಮ್ಮ ಮತ್ತೆ ಕೋಲು ಹಿಡಿದರು. ಆ ಬೆನ್ನು ನಿರಾಳವಾಯಿತೋ ನಿರಾಸೆಗೊಂಡಿತೋ ಮಗಳಿಗೆ ತಿಳಿಯಲಿಲ್ಲ.

ಅಂದಿನಿಂದ ಕೀರ್ತನಾ ಸಂಜೆ ಸ್ವಲ್ಪ ಬೇಗ ಬಂದು, ಬಾಳೇಶ ಬರುವ ಮುಂಚೆ ಶೆಡ್ಡಿನಲ್ಲಿ ಒಬ್ಬಳೇ ಕೂರತೊಡಗಿದಳು. ಮೊದಲು ಸುಮ್ಮನೆ ಕೂತಳು. ಆಮೇಲೆ ಮಾತಾಡಿದಳು. ಶೋರೂಮಿನ ಸುದ್ದಿ, ಅಮ್ಮನ ಮೊಣಕಾಲು ನೋವು. ಒಂದು ದಿನ, ಬಾಗಿಲ ಕಡೆ ನೋಡಿಕೊಂಡು, ಪಿಸುದನಿಯಲ್ಲಿ: "ಅಪ್ಪಾ, ಅವನು ಹೇಗೆ? ನಿಮಗೆ ಒಪ್ಪಿಗೇನಾ?"

ವಾಸನೆ ದಟ್ಟವಾಯಿತು. ತಲೆ ಸಣ್ಣಗೆ ತಿರುಗಿತು. ಅದನ್ನೇ ಅವಳು ಉತ್ತರವೆಂದುಕೊಂಡಳು.

ಆಯುಧಪೂಜೆಯ ದಿನ ಬಿಸಿಲು ಜೋರಾಗಿತ್ತು. ಕೀರ್ತನಾ ಮಧ್ಯಾಹ್ನ ಒದ್ದೆ ಗೋಣಿಗಳನ್ನೆಲ್ಲ ತೆಗೆದು ಹಾಕಿ, ತಳದ ನೀರು ಹಾಗೇ ಬಿಟ್ಟು ದೋಣಿಯ ಮೇಲೆಲ್ಲ ಒರೆಸಿ, ಎಂಜಿನ್ನಿಗೆ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಸುತ್ತಿದಳು. ಬೂದುಗುಂಬಳ ಬಾಗಿಲಲ್ಲಿತ್ತು. ಹೊತ್ತಿಳಿಯುವಾಗ ಅಮ್ಮ ಹಿತ್ತಲ ಮೆಟ್ಟಿಲವರೆಗೆ ಬಂದು ಆರತಿ ತಟ್ಟೆ ಕೊಟ್ಟು ಹಿಂದಿರುಗಿದರು.

ವಾಸನೆ ಇತ್ತು. ಎಂದಿಗಿಂತ ಹೆಚ್ಚು. ಅಪ್ಪ ಪೂಜೆಗೆ ಬಂದಿದ್ದಾರೆ ಎನಿಸಿ ಅವಳ ಕಣ್ಣು ತುಂಬಿದವು. ಬಾಗಿಲಲ್ಲೇ ಕರ್ಪೂರ ಹಚ್ಚಿಕೊಂಡು, ಉರಿಯುವ ತಟ್ಟೆ ಹಿಡಿದು ದೋಣಿಯ ಕಡೆ ನಡೆದಳು.

ಬಾಳೇಶ ಅವಳಿಗಿಂತ ಮುಂಚೆ ಬಂದು ದೋಣಿಯ ಪಕ್ಕ ನಿಂತಿದ್ದ. ಹಣೆಯಲ್ಲಿ ವಿಭೂತಿ, ಒಗೆದ ಬಿಳಿ ಷರ್ಟು. ಅವಳನ್ನು ನೋಡಿ ನಗಲು ಹೊರಟವನು, ತಗಡಿನ ತೂತಿನಿಂದ ಇಳಿದ ಒಂದು ಕೋಲು ಬಿಸಿಲನ್ನು ಹಿಂಬಾಲಿಸಿ ದೋಣಿಯ ತಳ ನೋಡಿದ. ನಿಂತ ನೀರಿನ ಮೇಲೆ ನವಿಲುಗರಿಯ ಬಣ್ಣಗಳು ನಿಧಾನವಾಗಿ ಸುತ್ತುತ್ತಿದ್ದವು.

ಅವನು ಕೂಗಲಿಲ್ಲ. ಎರಡೇ ಹೆಜ್ಜೆಗೆ ಬಂದು ಉರಿಯುವ ಕರ್ಪೂರದ ಮೇಲೆ ಅಂಗೈ ಒತ್ತಿ ಆರಿಸಿದ. ತಟ್ಟೆ ಕಿತ್ತುಕೊಂಡು, ಅವಳ ರಟ್ಟೆ ಹಿಡಿದು ಹೊರಗೆ, ಸಂಪಿಗೆ ಮರದವರೆಗೆ ಎಳೆದೊಯ್ದ.

"ಹಬ್ಬದ ದಿನ ಆರತಿ ಆರಿಸ್ತೀರಾ? ಏನಾಗಿದೆ ನಿಮಗೆ?" ಅವಳು ರಟ್ಟೆ ಬಿಡಿಸಿಕೊಂಡಳು.

"ತಳದಾಗ ಪೆಟ್ರೋಲ್ ನಿಂತೈತ್ರಿ. ನೀರಿನ ಮ್ಯಾಲ ತೇಲಾಕತ್ತೈತಿ."

"ದಿನಾ ಹೇಳ್ತಿದ್ನಲ್ಲ! ನೀವೇ ಬಗ್ಗಿ ನೋಡಿ ಇಲ್ಲ ಅಂತಿದ್ರಿ!"

ಅವನು ಅಂಗೈ ತೋರಿಸಿದ. ನಡುವೆ ಕೆಂಪಗೆ ಬೊಬ್ಬೆ ಏಳುತ್ತಿತ್ತು. "ಇದರ ವಾಸನಿ ಬರಾಕತ್ತೈತೇನ್ರಿ?"

"ಬರ್ದೇ ಏನು? ಸುಟ್ಟ ಚರ್ಮ, ಕರ್ಪೂರ..."

"ನನಗ ಬರಂಗಿಲ್ರಿ." ಅವನು ನೆಲ ನೋಡುತ್ತ ಹೇಳಿದ. "ಯಾವ ವಾಸನಿನೂ ಬರಂಗಿಲ್ಲ. ಊರಾಗ ಡೀಸೆಲ್ ಎಂಜಿನ್ ಚಾಲೂ ಮಾಡಾಕ ಹೋದಾಗ ಹ್ಯಾಂಡಲ್ ತಿರುಗಿ ಹಣಿಗೆ ಬಡೀತು. ಎಚ್ಚರ ಆದಾಗಿಂದ ಹಿಂಗ. ಗ್ಯಾರೇಜಿನ್ಯಾಗ ಯಾರಿಗೂ ಗೊತ್ತಿಲ್ಲ. ಮೂಗಿಲ್ಲದ ಮೆಕ್ಯಾನಿಕ್‌ನ ಯಾರ್ ಇಟ್ಕೋತಾರ? ಮುಟ್ಟಿ ನೋಡಿದೆ, ಒಣಗಿತ್ತು. ಅದಕ್ಕ ಇಲ್ಲ ಅಂದೆ. ನಿಮ್ಮ ಮುಂದ ಹೇಳಾಕ..." ಅವನು ಅಂಗೈ ಮುಚ್ಚಿಕೊಂಡ. "ನಿಮ್ಮ ಮುಂದ ಸಣ್ಣಾವ ಆಗಾಕ ಮನಸ್ಸಾಗ್ಲಿಲ್ಲ."

ಕತ್ತಲಾಗುವ ಮುಂಚೆ ಸೋರಿಕೆ ಸಿಕ್ಕಿತು. ಟ್ಯಾಂಕಿನ ಕೆಳಗೆ, ಕೈ ಹೋಗದ ಮೂಲೆಯಲ್ಲಿ, ತಾಮ್ರದ ಪೈಪಿಗೆ ಸೂಜಿಮೊನೆಯಷ್ಟು ತೂತು. ಟ್ರಯಲ್ ಮುಗಿದ ಮೇಲೂ ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿದಿತ್ತು. ಹಗಲು ತಗಡು ಕಾದಾಗ ಟ್ಯಾಂಕು ಬಿಸಿಯೇರಿ ಹನಿ ಒಸರುತ್ತಿತ್ತು, ರಾತ್ರಿಯ ತಂಪಿಗೆ ನಿಲ್ಲುತ್ತಿತ್ತು. ಗೋಣಿಚೀಲ ಎಲ್ಲವನ್ನೂ ಮುಚ್ಚಿಟ್ಟಿತ್ತು. ಟ್ಯಾಂಕಿನ ತಳದ ಹಳೆಯ ಅಂಟಿನಿಂದ ಆ ವಾರ್ನಿಷ್ ವಾಸನೆ. ಎಲ್ಲಕ್ಕೂ ಕಾರಣವಿತ್ತು.

"ಹಾಗಾದ್ರೆ ಅಪ್ಪ ಬಂದಿರ್ಲಿಲ್ಲ," ಎಂದಳು ಕೀರ್ತನಾ. "ದಿನಾ ಬಂದು ಕೂತು ಮಾತಾಡಿದ್ದು ಒಂದು ತೂತಿನ ಜೊತೆ. ನೀವು ಒಂದು ಮಾತು ನಿಜ ಹೇಳಿದ್ರೆ ಸಾಕಿತ್ತು."

ಅವನು ಟ್ಯಾಂಕು ಖಾಲಿ ಮಾಡಿ, ಬಿಚ್ಚಿ ಹೊರಗಿಟ್ಟು, ಅಂಗೈಗೆ ಕರ್ಚೀಫು ಸುತ್ತಿಕೊಂಡು ಹೋದ.

ಮರುದಿನ ಸಂಜೆ ಶೆಡ್ಡಿನಲ್ಲಿ ಒದ್ದೆ ಮರದ ವಾಸನೆ ಮಾತ್ರ ಇತ್ತು. ಅಪ್ಪ ಎರಡನೇ ಸಲ ಸತ್ತ ಹಾಗೆ ಅನಿಸಿತು ಅವಳಿಗೆ. ಮೂರನೆಯ ಸಂಜೆ ಇನ್ನೊಂದು ವಿಷಯ ಹೊಳೆಯಿತು: ಅವಳು ಬಾಗಿಲು ತೆರೆದು ಕಾಯುತ್ತಿದ್ದುದು ಅಪ್ಪನಿಗಾಗಿ ಅಲ್ಲ. ಬಾಳೇಶನ ಬೈಕಿನ ಸದ್ದಿಗಾಗಿ.

ಗ್ಯಾರೇಜಿಗೆ ಹೋದಾಗ ಅವನು ಟೆಂಪೋ ಕೆಳಗೆ ಮಲಗಿದ್ದ. ಕಾಲು ಮಾತ್ರ ಕಾಣುತ್ತಿತ್ತು. ಅವಳು ಕುಕ್ಕರಗಾಲಲ್ಲಿ ಕೂತು ಒಳಗೆ ಇಣುಕಿದಳು.

"ಡೀಸೆಲ್ ಹಾಕಿ," ಎಂದಳು.

"ನನ್ನ ಮಾತು ಇನ್ನೂ ನಂಬ್ತೀರೇನ್ರಿ?"

"ನಂಬಲ್ಲ. ಇನ್ಮೇಲೆ ನಿಮ್ಮ ಮೂಗು ನಾನು. ಕೈ ನಿಮ್ಮದು, ಮೂಗು ನಂದು. ಸುಳ್ಳು ಹೇಳಿದ್ರೆ ಎರಡೂ ಕಟ್."

ಟೆಂಪೋ ಕೆಳಗೆ ಸ್ಪ್ಯಾನರ್ ಒಂದೇ ನಟ್ಟಿನ ಮೇಲೆ ಮತ್ತೆ ಮತ್ತೆ ತಿರುಗಿತು.

"ಇಷ್ಟು ಒತ್ತಿದ್ರೂ ಹತ್ಕೊಳ್ಳಲ್ವಾ?" ಎಂದಳು.

"ಹತ್ಕೊಂಡು ಭಾಳ ದಿನ ಆತು," ಅಂದಿತು ಟೆಂಪೋ ಕೆಳಗಿನ ದನಿ. "ನೀವು ಶೆಡ್ಡಿನ್ಯಾಗ ನಿಮ್ಮಪ್ಪಾರ ಜೋಡಿ ಮಾತಾಡೂದು ಒಂದಿನ ಕೇಳ್ದೆ. ಅವ ಹೆಂಗ ಅಂತ ಕೇಳಿದ್ರಿ. ಅವ ಯಾರು ಅಂತ ರಾತ್ರಿ ಎಲ್ಲಾ ವಿಚಾರ ಮಾಡಿದ್ನಿ."

"ಗೊತ್ತಾಯ್ತಾ?"

"ಈಗ ಗೊತ್ತಾತು."

ಗುಜರಿಯಿಂದ ತಂದ ಹಳೆಯ ಟೆಂಪೋ ಎಂಜಿನ್ನು ಹೊಸ ತೊಲೆಯ ಮೇಲೆ ಕೂತಿತು. ನೀರಿನ ಫ್ಯಾನು ಬದಲಾಯಿತು. ಪೆಟ್ರೋಲ್ ಎಂಜಿನ್ನು, ಟ್ಯಾಂಕು, ಪೈಪು, ಚೂರೂ ಉಳಿಯದೆ ಗುಜರಿಗೆ ಹೋದವು. ದೋಣಿಯ ತಳವನ್ನು ಸೋಪಿನ ನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದರು. ದೋಣಿಯನ್ನು ಹಿನ್ನೀರಿಗೆ ಒಯ್ಯಲು ಬೆಳಿಗ್ಗೆ ಲಾರಿ ಬರುವುದಿತ್ತು. ಹಿಂದಿನ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಡ್ರಮ್ಮಿನ ನೀರಿಗೆ ಪೈಪು ಸೇರಿಸಿ ಇಬ್ಬರೂ ದೋಣಿ ಹತ್ತಿದರು.

"ಡೀಸೆಲ್‌ಗೆ ಈ ವಾಸನಿ ನೋಡೂ ಶಾಸ್ತ್ರ ಬೇಕಾಗಿಲ್ಲ," ಅಂದ ಬಾಳೇಶ.

"ನಮ್ಮನೆ ರೂಲ್." ಕೀರ್ತನಾ ಹಲಗೆ ಎತ್ತಿ ಬಗ್ಗಿ ನಿಧಾನವಾಗಿ ಉಸಿರೆಳೆದಳು. "ಸೋಪು. ಗ್ರೀಸು. ಸ್ವಲ್ಪ ಡೀಸೆಲ್. ಬೇರೇನಿಲ್ಲ. ಕೀ ತಿರುಗಿಸು."

ಬಾಳೇಶ ಕೀಗೆ ಕೈ ಹಾಕಿದವನು ಹಾಗೇ ನಿಂತ. ಮುಖದ ಬಣ್ಣ ಇಳಿಯಿತು. ಹೊಸ ಚರ್ಮ ಬಂದಿದ್ದ ಅಂಗೈಯಿಂದ ಮೂಗು ಮುಚ್ಚಿಕೊಂಡ, ಮತ್ತೆ ತೆಗೆದ.

"ಏನಾಯ್ತು?"

"ಕೀರ್ತನಾ... ಪೆಟ್ರೋಲ್."

"ಪೆಟ್ರೋಲ್ ಎಲ್ಲಿಂದ ಬರುತ್ತೆ? ನನಗೆ ಬರ್ತಿಲ್ಲ." ಅವಳು ಮತ್ತೆ ಬಗ್ಗಿದಳು. ಸೋಪು, ಗ್ರೀಸು. "ತಮಾಷೆ ಮಾಡಬೇಡ."

"ನನಗ ವಾಸನಿ ಬರಾಕತ್ತೈತಿ." ಅವನ ದನಿ ಒಡೆಯಿತು. "ಇಷ್ಟು ವರ್ಷದಾಗ ಮೊದಲ ಸಲ. ಪೆಟ್ರೋಲು... ಅದರ ಜೋಡಿ ಇನ್ನೊಂದು. ಖಾರ, ಒಣಾ. ನಾ ಸಣ್ಣಾವಿದ್ದಾಗ ನಮ್ಮ ಮುತ್ಯಾ ಮೂಗಿಗೆ ಎಳೀತಿದ್ದ." ಅವನು ಕಣ್ಣು ಮುಚ್ಚಿ ಹುಡುಕಿ ಹೇಳಿದ. "ನಶ್ಯ. ನಶ್ಯದ ವಾಸನಿ. ಇಲ್ಲೇ, ನನ್ನ ಮಗ್ಗಲದಾಗ."

ಕೀರ್ತನಾ ಅವನ ಮಗ್ಗಲಿನ ಖಾಲಿ ಜಾಗ ನೋಡಿದಳು. ನಶ್ಯದ ಮಾತನ್ನು ಅವಳು ಅವನ ಹತ್ತಿರ ಎಂದೂ ಆಡಿರಲಿಲ್ಲ. ಅದು ಅಡುಗೆಮನೆಯಲ್ಲಿ, ಮುದ್ದೆಕೋಲಿನ ಪಕ್ಕದಲ್ಲೇ ಉಳಿದ ಮಾತು.

ಈ ಸಲ ಹುಡುಕಲು ಪೈಪಿರಲಿಲ್ಲ, ತೂತಿರಲಿಲ್ಲ.

"ಇಳಿದು ಓಡಿ ಹೋಗೂಣೇನು?" ಅಂದ ಅವನು ಮೆಲ್ಲಗೆ.

"ಬೇಡ. ರೂಲ್ ಗೊತ್ತಲ್ಲ. ಮುಚ್ಚಳ ತೆಗೆದಿಟ್ಟು ಕೂತ್ಕೋ. ಹೋಗೋವರೆಗೂ ಕೂತ್ಕೋ." ಅವಳು ಅವನ ಪಕ್ಕದ ಹಲಗೆಯ ಮೇಲೆ ಕೂತು ಅವನ ಕೈ ಹಿಡಿದುಕೊಂಡಳು. "ನಾನು ಕೇಳಿದ್ದಕ್ಕೆ ಅಪ್ಪ ಉತ್ತರ ಹೇಳೋಕೆ ಬಂದಿದ್ದಾರೆ. ಗಂಡು ನೋಡೋಕೆ ಬಂದಿದ್ದಾರೆ ಕಣೋ. ನೆಟ್ಟಗೆ ಕೂತ್ಕೋ."

ಬಾಳೇಶ ಬೆನ್ನು ನೆಟ್ಟಗೆ ಮಾಡಿದ. ಖಾಲಿ ಇದ್ದ ಮಗ್ಗಲಿನ ಕಡೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಬಿಡುವಾಗಿದ್ದ ಕೈಯಿಂದ ಗ್ರೀಸು ಮೆತ್ತಿದ ಷರ್ಟಿನ ಮೇಲಿನ ಗುಂಡಿ ಹಾಕಿಕೊಂಡ.

ಹೊರಗೆ ಸಂಪಿಗೆ ಮರದಲ್ಲಿ ಹಕ್ಕಿಗಳು ಸುಮ್ಮನಾದವು. ಮನೆಯ ಹಿತ್ತಲಲ್ಲಿ ದೀಪ ಹತ್ತಿತು. ಇಬ್ಬರೂ ಕಾದರು.

ಬಹಳ ಹೊತ್ತಿನ ಮೇಲೆ ಅವನು ಗಾಳಿಯನ್ನು ಎಳೆದು ನೋಡಿದ, ಮತ್ತೊಮ್ಮೆ ಎಳೆದ. ಮಗುವಿನ ಹಾಗೆ ಅವನ ಮುಖ ಬಾಡಿತು.

"ಈಗ ಏನೂ ಇಲ್ಲ," ಅಂದ. "ಮತ್ತ ಮೊದಲಿನಂಗ."

ಕೀರ್ತನಾ ಅವನ ಕೈ ಬಿಡದೆ, ಇನ್ನೊಂದು ಕೈಯಿಂದ ಕೀ ತಿರುಗಿಸಿದಳು.